ಅರವತ್ತರ ಗುಟ್ಟು

"ಹಾಸಿಗೆ ಖಾಲಿ ಇಟ್ಕೊಂಡು ದುಡ್ಡು ಕೇಳೋಕೆ ಬಂದಿದ್ದೀರಲ್ಲ ಡಾಕ್ಟ್ರೇ?"

ಮೇಜಿನ ಆಚೆಯಿಂದ ಬಂದ ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಯಾರೀತ?! ಕೇಂದ್ರ ಸರ್ಕಾರದ ಲೆಕ್ಕಾಧಿಕಾರಿಯಂತೆ.

"ಖಾಲಿ ಇರೋದು ನರ್ಸ್‌ಗಳ ಜಾಗ ಸಾರ್! ನೋಡ್ಕೊಳ್ಳೋರಿಲ್ಲದೆ ಮಗೂನ ಎಲ್ಲಿ ಮಲಗಿಸ್ಲಿ? ನಿಮ್ಮ ಫೈಲ್ ಮೇಲಾ?"

ಅವನು ಕಣ್ಣು ತಗ್ಗಿಸಿ, "ಸಾರಿ... ನನಗೆ ಗೊತ್ತಿರಲಿಲ್ಲ," ಎಂದ.

ಸರ್ಕಾರದವನೊಬ್ಬ ಸಾರಿ ಕೇಳುವುದೇ? ಇದರಲ್ಲೇನೋ ಮಸಲತ್ತಿದೆ ಎಂದುಕೊಂಡಳು. ಆದರೂ ಆ ಕಣ್ಣುಗಳು... ಛೆ!

ರಾಜ್ಯದ ಆಸ್ಪತ್ರೆಗಳ ಖರ್ಚಿನಲ್ಲಿ ಕೇಂದ್ರ ಎಷ್ಟು ಪಾಲು ಕೊಡಬೇಕು ಎಂಬ ಹಗ್ಗಜಗ್ಗಾಟವದು. ರಾಜ್ಯದ ತಂಡದ ಮುಖ್ಯಸ್ಥರು ಆರೋಗ್ಯ ಕಾರ್ಯದರ್ಶಿ, ಎಲ್ಲರ ಬಾಯಲ್ಲೂ ದೊಡ್ಡಪ್ಪ. ಮಕ್ಕಳ ಡಾಕ್ಟರಾದ ಅವಳನ್ನು ಕರೆತಂದವರೂ ಅವರೇ. ನೂರಕ್ಕೆ ಎಂಬತ್ತು ಕೇಳಿ ಎಪ್ಪತ್ತಕ್ಕೆ ಒಪ್ಪುವುದು ಅವರ ಉಪಾಯ. ಅರವತ್ತೇ ಕೊನೆ. ಅದಕ್ಕಿಂತ ಇಳಿದರೆ ಅವಳ ಮಕ್ಕಳ ವಾರ್ಡಿಗೆ ಬೀಗ. ಈ ಗುಟ್ಟು ತಂಡದಾಚೆ ಹೋಗುವಂತಿರಲಿಲ್ಲ.

ಹೋಯಿತು... ಅವಳ ಬಾಯಿಂದಲೇ!

ದೊಡ್ಡಪ್ಪ ಕಾಫಿ ಬ್ರೇಕ್ ಎಂದಾಗಲೆಲ್ಲ ಕ್ಯಾಂಟೀನಿನಲ್ಲಿ ಅವನು ಎದುರಾಗುತ್ತಿದ್ದ. ವಾರ್ಡಿನ ಮಕ್ಕಳ ಬಗ್ಗೆ ಕೇಳುತ್ತಿದ್ದ. ಅವಳೂ ಕರಗುತ್ತಾ ಬಂದಳು. ಒಂದು ಮಧ್ಯಾಹ್ನ ಅವನೆದುರು ಕೂತಿದ್ದಾಗ, ನೋಡಿಕೊಳ್ಳಲು ನರ್ಸ್ ಇಲ್ಲದೆ ಮಗುವೊಂದನ್ನು ವಾಪಸ್ ಕಳಿಸಿದೆವೆಂದು ವಾರ್ಡಿನಿಂದ ಫೋನ್ ಬಂತು. ಅವಳ ಕಣ್ಣು ತುಂಬಿತು.

"ಅರವತ್ತಕ್ಕಿಂತ ಇಳಿದ್ರೆ ನನ್ನ ವಾರ್ಡೇ ಮುಚ್ಚಿಹೋಗುತ್ತೆ..."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಮುಖ ಬಿಳಿಚಿಕೊಂಡಿತು.

"ಇದನ್ನ ನನಗೆ ಹೇಳಬಾರದಿತ್ತು ನೀವು," ಎಂದವನೇ ಎದ್ದುಹೋದ.

ಮರುದಿನ ಅವನ ಕುರ್ಚಿ ಖಾಲಿ! ಕೇಂದ್ರದ ತಂಡದ ಮುಖ್ಯಸ್ಥೆ, ಬೆಳ್ಳಿಕೂದಲಿನ ಮೇಡಂ, ತಣ್ಣಗೆ ಹೇಳಿದರು:

"ಅರವತ್ತು. ಅದರ ಮೇಲೆ ಬಿಡಿಗಾಸೂ ಇಲ್ಲ."

ದೊಡ್ಡಪ್ಪ ಹಲ್ಲು ಕಡಿದರು. "ನಮ್ಮವರೇ ಯಾರೋ ಬಾಯಿಬಿಟ್ಟಿದ್ದಾರೆ!"

ಮೆಟ್ಟಿಲ ಮೇಲೆ ಅವನು ಸಿಕ್ಕಿಬಿದ್ದ.

"ಮಕ್ಕಳ ಕಥೆ ಕೇಳಿದ್ದೆಲ್ಲ ನನ್ನ ಬಾಯಿ ಬಿಡಿಸೋಕಾ?"

"ನಾನು ಯಾರಿಗೂ ಹೇಳಿಲ್ಲ."

"ಮತ್ತೆ ಇವತ್ತು ಯಾಕೆ ತಲೆಮರೆಸ್ಕೊಂಡ್ರಿ? ಹೇಳಿ!"

"ಅದು..." ಎಂದು ಅವನು ತಡವರಿಸಿದ. ತಡವರಿಕೆಯೇ ಸಾಕ್ಷಿಯಾಯಿತು ಅವಳಿಗೆ. ದಡದಡ ಇಳಿದುಹೋದಳು. ಮೋಸಗಾರ! ಅದಕ್ಕಿಂತ ದೊಡ್ಡ ಸಂಕಟವೆಂದರೆ, ಆ ಮೋಸಗಾರನನ್ನೇ ಮನಸ್ಸು ಹಚ್ಚಿಕೊಂಡಿತ್ತು.

ತಪ್ಪನ್ನು ನುಂಗಿಕೊಳ್ಳಲು ಅವಳಿಂದಾಗಲಿಲ್ಲ. ಮತ್ತೆ ಸಭೆ ಸೇರಿದಾಗ ಎದ್ದು ನಿಂತಳು.

"ಅರವತ್ತು ಅಂತ ಬಾಯಿಬಿಟ್ಟಿದ್ದು ನಾನು. ನಿಮ್ಮ ಲೆಕ್ಕಾಧಿಕಾರಿ ಹತ್ರ."

ಮೇಡಂ ಕನ್ನಡಕ ತೆಗೆದು ನಕ್ಕೇಬಿಟ್ಟರು.

"ಅವನಾ? ಆ ಮಹಾಶಯ ಬೆಳಿಗ್ಗೆ ಬಂದು, 'ನನಗೆ ಗೊತ್ತಾಗಬಾರದ್ದು ಗೊತ್ತಾಗಿದೆ, ಏನು ಅಂತ ಕೇಳಬೇಡಿ, ತಂಡದಿಂದ ಕೈಬಿಡಿ' ಅಂದ. ಪಿಂಚಣಿ ವಿಭಾಗಕ್ಕೆ ಎತ್ತಂಗಡಿ ಆಯ್ತು. ಅರವತ್ತು ಹೇಳಿದ್ದು ನಿಮ್ಮ ದೊಡ್ಡಪ್ಪ!"

"ನಾನಾ?!"

"ಮಾತು ಎಪ್ಪತ್ತರಲ್ಲಿದ್ರೆ ಕಾಲ ಮೇಲೆ ಕಾಲು ಹಾಕ್ಕೊಂಡು ಕೂರ್ತೀರಿ. ಅರವತ್ತರ ಹತ್ರ ಬಂದ್ರೆ ಸಾಕು, ಗಾಬರಿಬಿದ್ದು 'ಕಾಫಿ ಬ್ರೇಕ್!' ಒಂದು ಸಲಾನೂ ತಪ್ಪಿಸಿಲ್ಲ ನೀವು."

ದೊಡ್ಡಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. "ಮುಂದಿನ ವರ್ಷ ಬಿಸಿನೀರೂ ಕೇಳಲ್ಲ," ಎಂದು ಗೊಣಗಿ ಅರವತ್ತಕ್ಕೆ ಒಪ್ಪಿದರು. ಹೊಸ ನರ್ಸ್‌ಗಳಿಲ್ಲ. ಆದರೆ ವಾರ್ಡ್ ಉಳಿಯಿತು.

ಅವಳು ಓಡಿದಳು. ಪಿಂಚಣಿ ವಿಭಾಗದ ಕಿಟಕಿಯಿಲ್ಲದ ಮೂಲೆಯಲ್ಲಿ ಅವನು ಧೂಳು ಹಿಡಿದ ಮೇಜು ಒರೆಸುತ್ತಿದ್ದ.

"ನನ್ನನ್ನ ಕ್ಷಮಿಸ್ತೀರಾ?"

"ಒಂದು ಷರತ್ತಿದೆ."

"ಏನು ಷರತ್ತು?" ಅವಳ ಹುಬ್ಬು ಗಂಟಿಕ್ಕಿತು.

"ನೋಡಿ, ಆಗ್ಲೇ ಅನುಮಾನ! ಇನ್ಮೇಲೆ ಅನುಮಾನ ಬಂದ್ರೆ ಮೊದಲು ನನ್ನನ್ನ ಕೇಳಿ."

"ಕೇಳಿದ್ನಲ್ಲ, ಮೆಟ್ಟಿಲ ಮೇಲೆ!"

"ಕೇಳಿದ್ರಿ... ಉತ್ತರಕ್ಕೆ ಕಾಯಲಿಲ್ಲ."

ಅವಳು ಪಕ್ಕದ ಕುರ್ಚಿ ಎಳೆದು ಕೂತಳು.

"ಈಗ ಕಾಯ್ತೀನಿ. ತಂಡ ಯಾಕೆ ಬಿಟ್ರಿ?"

"ನಿಮ್ಮನ್ನ ಪ್ರೀತಿಸ್ತೀನಿ ಡಾಕ್ಟ್ರೇ. ನಿಮ್ಮೆದುರು ಕೂತು ಆ ಮಕ್ಕಳ ಪಾಲು ಕಡಿಯೋಕೆ ನನ್ನಿಂದಾಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನ ಧೂಳಿನ ಕೈ ಹಿಡಿದಳು.

"ಆ ಒಂದು ಅನುಮಾನ ಮಾತ್ರ... ನನಗೆ ಮೊದಲಿಂದಲೂ ಇತ್ತು."