ಬಿಳಿ ಹಸುವಿನ ರಕ್ತ

ಹಸುಗಳ ರಕ್ತ ತೆಗೆಯುವುದು ನನ್ನ ಕೆಲಸ. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಅಂದು ಮಟಮಟ ಮಧ್ಯಾಹ್ನ ಅಕ್ಕನ ಒಂಬತ್ತು ಹಸುಗಳ ಸರದಿ. ರಕ್ತದಲ್ಲಿ ಅಂಟುರೋಗ ಕಂಡ ಹಸುವನ್ನು ಕೊಲ್ಲಲೇಬೇಕೆಂದು ಸರ್ಕಾರದ ಆದೇಶವಿತ್ತು.

ಬಿಳಿ ಹಸುವಿನ ಕತ್ತು ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು. ಅದು ಸುಮ್ಮನೆ ಮೆಲುಕು ಹಾಕುತ್ತಿತ್ತು.

“ಯಾಕೋ ಕೈ ಹಿಂದಕ್ಕೆಳ್ಕೊಂಡೆ? ಅದು ಹಸು ಕಣೋ, ನಿನ್ನ ಹೆಂಡ್ತಿ ಅಲ್ಲ,” ಎಂದಳು ಅಕ್ಕ.

ಒಂದೊಂದರ ರಕ್ತವನ್ನೂ ಒಂದೊಂದು ಕೊಳವೆಗೆ ತೆಗೆದೆ. ಅರ್ಧ ಗಂಟೆಯಲ್ಲಿ ಎಂಟು ಕೊಳವೆಗಳ ರಕ್ತ ಹೆಪ್ಪುಗಟ್ಟಿತು. ಬಿಳಿಯದರದ್ದು ಹಾಗೇ ತುಳುಕುತ್ತಿತ್ತು. ಎಲ್ಲವನ್ನೂ ಐಸಿನ ಪೆಟ್ಟಿಗೆಯಲ್ಲಿಟ್ಟು ಸಂಜೆ ಲ್ಯಾಬಿಗೆ ಒಯ್ದೆ.

“ಇದೊಂದನ್ನ ಈಗ ತೆಗೆದ್ರಾ ಸಾರ್? ಬಿಸಿ ಇದೆಯಲ್ಲ,” ಎಂದಳು ಲ್ಯಾಬಿನವಳು, ಬಿಳಿಯದರ ಕೊಳವೆ ಹಿಡಿದು. ರೇಗಿ ಕಿತ್ತುಕೊಂಡೆ. ಬಿಸಿಯೇ ಇತ್ತು.

ಎಂಟು ಹಸುಗಳಿಗೆ ರೋಗವಿಲ್ಲವೆಂದು ವರದಿ ಬಂತು. ಬಿಳಿಯದರ ರಕ್ತವನ್ನು ಮತ್ತೆ ಮೂರು ಸಲ ತೆಗೆದೆ. ರಕ್ತ ಹೆಪ್ಪುಗಟ್ಟಿದರೆ ಮಾತ್ರ ಪರೀಕ್ಷೆಗೆ ಬೇಕಾದ ತಿಳಿ ಮೇಲೆ ನಿಲ್ಲುವುದು. ಅದು ಹೆಪ್ಪುಗಟ್ಟದೆ ಪರೀಕ್ಷೆ ಆಗಲೇ ಇಲ್ಲ.

“ಉಳಿಯುತ್ತೇನೋ ಅದು?” ಎಂದು ಅಕ್ಕ ದಿನವೂ ಕೇಳುತ್ತಾಳೆ. ಲ್ಯಾಬಿನ ಫ್ರಿಜ್ಜಿನಲ್ಲಿ ಆ ನಾಲ್ಕು ಕೊಳವೆಗಳು ಇವತ್ತಿಗೂ ಬಿಸಿಯಾಗಿವೆ.