ಗಲ್ಫಿಗೆ ಕಳಿಸಿದ ಮಸಾಲೆ ಹುಡಿ

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ದುಬೈಯ ಆ ಠಾಣೆಗೆ ಬಂದ ದೂರು ತೀರಾ ಸಾಮಾನ್ಯದ್ದು: ಪಾಸ್‌ಪೋರ್ಟ್ ಕಳೆದಿದೆ. ದೂರು ತಂದವನು ಇಂಟರ್‌ನ್ಯಾಷನಲ್ ಸಿಟಿಯ ಬಾಡಿಗೆ ಫ್ಲಾಟಿನಲ್ಲಿರುವ ಝಹೀರ್. ಪಾಸ್‌ಪೋರ್ಟ್ ಅವನ ತಾಯಿ ಮರಿಯಮ್ ಬೀವಿಯದು. ವಿಸಿಟ್ ವೀಸಾದಲ್ಲಿ ಬಂದಿದ್ದ ಆಕೆ ಬರುವ ಭಾನುವಾರ ಮಂಗಳೂರಿಗೆ ವಾಪಸು ಹೊರಡಬೇಕಿತ್ತು.

ಊರಿನಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಬೇರೆ ಹೆಸರು, ಬೇರೆ ಲಿಪಿ. ಆದರೆ ಠಾಣೆಯ ಕುರ್ಚಿಯ ತುದಿಯಲ್ಲಿ ಕೂತವರ ಮುಖ ಎಲ್ಲ ದೇಶದಲ್ಲೂ ಒಂದೇ ತರಹ. ಅನುವಾದಕಿ ಜೋಯ್ಲಿನ್‌ಗೆ ಆ ಮುಖ ಚೆನ್ನಾಗಿ ಗೊತ್ತು. ಕಲ್ಯಾಣಪುರದ ಈ ಕೊಂಕಣಿ ಹೆಂಗಸು ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿದ್ದಳು: ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ, ಸೇರಿಸುವುದಿಲ್ಲ, ಬಿಡುವುದಿಲ್ಲ. ಇಷ್ಟು ವರ್ಷ ಆ ಪ್ರಮಾಣ ಅವಳಿಗೆ ಭಾರವಾಗಿರಲಿಲ್ಲ.

ಲೆಫ್ಟಿನೆಂಟ್ ಸುಹೈಲ್ ಅರಬ್ಬಿಯಲ್ಲಿ ಕೇಳಿದ. ಜೋಯ್ಲಿನ್ ಕನ್ನಡಕ್ಕೆ ತಿರುಗಿಸಿದಳು.

"ಎಲ್ಲಿ ಕಳೆದದ್ದು?"

"ಟ್ಯಾಕ್ಸಿಯಲ್ಲಿ."

"ಯಾವ ದಿನ?"

"ಸೋಮವಾರ."

ಝಹೀರ್ ತಲೆಯೆತ್ತಿದ. "ಸೋಮವಾರ ನೀವು ಮನೆಯಲ್ಲೇ ಇದ್ರಲ್ಲ ಉಮ್ಮಾ?"

ಮರಿಯಮ್ ಬೀವಿ ಶಾಲನ್ನು ಮುಂಗೈವರೆಗೆ ಎಳೆದುಕೊಂಡಳು. ಆ ಗಡಿಬಿಡಿಯಲ್ಲೇ ಜೋಯ್ಲಿನ್ ನೋಡಿದ್ದು: ಎರಡೂ ಕೈಯಲ್ಲಿ ಬಳೆ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಅವಳು ಅದನ್ನು ಸುಹೈಲನಿಗೆ ಹೇಳಿದಳು. ಅವನು ಝಹೀರನನ್ನು ಹೊರಗೆ ಕೂರಲು ಕಳಿಸಿದ.

"ಬಳೆ ಎಲ್ಲಿ ಉಮ್ಮಾ?" ಎಂದು ಜೋಯ್ಲಿನ್ ಕೇಳಿದಳು.

ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಎಂತ ಬಾಯಮ್ಮಾ, ನಿಮ್ಮವರೇ ತೆಗೊಂಡದ್ದಲ್ವಾ? ಖಲಾಸ್ ಆಯ್ತು ಅಂತ ಹೇಳಿದ್ದಾರೆ. ಪುನಃ ಯಾಕೆ ಕೇಳುದು? ಇವ ಎಳ್ಕೊಂಡು ಬಂದ, ಇಲ್ಲದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ."

"ನಮ್ಮವರು ಅಂದ್ರೆ?"

"ಸಿಐಡಿ."

ಆಮೇಲೆ ಒಂದೊಂದಾಗಿ ಹೊರಬಂತು. ಕಳೆದ ಭಾನುವಾರ ಫೋನು ಬಂದಿತ್ತು, ಹಿಂದಿಯಲ್ಲಿ, ಗಡಸು ದನಿ. ನಿಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಮಸಾಲೆ ಹುಡಿ ಇದೆ, ಅದರಲ್ಲಿ ಈ ದೇಶದಲ್ಲಿ ನಿಷೇಧಿಸಿದ ವಸ್ತು ಇದೆ. ಮಗನ ವೀಸಾ ರದ್ದು, ಅವನಿಗೆ ಜೈಲು. ಬೇಡವಾದರೆ ಪಾಸ್‌ಪೋರ್ಟನ್ನೂ ಬಳೆಗಳನ್ನೂ ಕವರಿನಲ್ಲಿ ಹಾಕಿ ಬಸ್‌ಸ್ಟಾಪಿನ ಬೆಂಚಿನ ಮೇಲಿಡಿ. ತಿರುಗಿ ನೋಡಬೇಡಿ. ಮಗನಿಗೆ ಹೇಳಿದರೆ ಒಪ್ಪಂದ ಮುರಿಯಿತು.

ಕೌಂಟರಿನ ಮೇಲೆ ಪ್ರವಾಸಿಗರಿಗಾಗಿ ಹಂಚುವ ಕರಪತ್ರದ ಕಟ್ಟು ಇತ್ತು. ಪೊಲೀಸರು ಫೋನಿನಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ, ಹಣ ಕೇಳುವುದಿಲ್ಲ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಸುಹೈಲ್ ಒಂದನ್ನು ಎತ್ತಿ ತೋರಿಸಿದ.

"ಅದು ಮಗ ಓದಿ ಹೇಳಿದ್ದಾನೆ," ಎಂದಳು ಮರಿಯಮ್ ಬೀವಿ. "ಅದು ಕಳ್ಳರ ವಿಷಯ ಅಲ್ವಾ? ಇವರು ಪೊಲೀಸ್ನವರು. ಊರಲ್ಲಿ ತಮ್ಮನ ಲಾರಿ ಹಿಡಿದಾಗಲೂ ಹೀಗೇ ಒಳಗಿಂದೊಳಗೆ ಮುಗಿಸಿದ್ದು. ಇಲ್ಲಿಯವರೂ ಪಾಪ ಒಳ್ಳೆಯವರು ಅಂತ ನಾನು ಅಲ್ಲಾಹನಿಗೆ ಶುಕ್ರ್ ಹೇಳಿದ್ದೆ."

ಬೇರೆ ದಿನವಾಗಿದ್ದರೆ ಜೋಯ್ಲಿನ್‌ಗೆ ನಗು ಬರುತ್ತಿತ್ತು.

"ಹುಡಿಯಲ್ಲಿ ನಿಜವಾಗಿ ಏನಿದೆ?" ಸುಹೈಲ್ ಕೇಳಿದ.

"ಗಸಗಸೆ," ಎಂದಳು ಮರಿಯಮ್ ಬೀವಿ. "ಪಕ್ಕದ ಮನೆ ಝುಲೈಖ ಮಾಡಿ ಮಾರುವ ಹುಡಿ ಅದು. ಗಸಗಸೆ ಇಲ್ಲದೆ ಅವಳ ಹುಡಿ ಆಗುದುಂಟಾ? ತರಬಾರದು ಅಂತ ನನಗೆ ಗೊತ್ತಿರಲಿಲ್ಲ, ಅಲ್ಲಾಹನ ಆಣೆ."

ಅಫೀಮಿನ ಗಿಡದ ಬೀಜವೆಂದು ಗಸಗಸೆಗೆ ಈ ದೇಶದಲ್ಲಿ ನಿಷೇಧವಿದೆ, ಅದು ಜೋಯ್ಲಿನ್‌ಗೆ ಗೊತ್ತು. ಇದುವರೆಗೆ ಮರಿಯಮ್ ಬೀವಿ ಕಳಕೊಂಡವಳು. ಈ ಒಂದು ಮಾತು ಅರಬ್ಬಿಗೆ ಬಂದರೆ ತಪ್ಪು ಒಪ್ಪಿಕೊಂಡವಳು. ಕೇಸು ಆಕೆಯ ಮೇಲಾಗುತ್ತದೋ, ಮನೆಯ ಯಜಮಾನನಾದ ಮಗನ ಮೇಲಾಗುತ್ತದೋ ಯಾರು ಬಲ್ಲರು? 'ಏನೋ ಸಾಂಬಾರ ಪದಾರ್ಥ' ಎಂದು ಬಿಟ್ಟರೆ ಮುಗಿಯಿತು, ಈ ಕೋಣೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಎದುರಿಗೆ ತನ್ನ ಅಮ್ಮನ ವಯಸ್ಸಿನ ಹೆಂಗಸು, ತನ್ನನ್ನೇ ನಂಬಿ ಬಾಯಿ ಬಿಟ್ಟವಳು. ಸುಹೈಲ್ ಪೆನ್ನು ಹಿಡಿದು ಕಾಯುತ್ತಿದ್ದ.

"ಖಶ್ಖಾಶ್," ಎಂದಳು ಜೋಯ್ಲಿನ್, ಗಸಗಸೆಯ ಅರಬ್ಬಿ ಹೆಸರನ್ನೇ.

ಸುಹೈಲ್ ಬರೆಯುವುದನ್ನು ನಿಲ್ಲಿಸಿ ಮುದುಕಿಯನ್ನು ನೋಡಿದ. "ಡಬ್ಬಿ ಲ್ಯಾಬಿಗೆ ಹೋಗಬೇಕು. ಲ್ಯಾಬ್ ಏನು ಹೇಳುತ್ತದೋ ಅದನ್ನು ನಾನು ಬರೆಯಲೇಬೇಕು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಹನ್ನೊಂದೂವರೆಗೆ ಫ್ಲಾಟಿನಲ್ಲಿ ಮಹಜರು ನಡೆಯಿತು. ಕಾರ್ಪೊರಲ್ ಖಾಲಿದ್ ಕೈಗವಸು ಹಾಕಿ ಸ್ಟೀಲ್ ಡಬ್ಬಿಯನ್ನು ಚೀಲಕ್ಕಿಳಿಸಿ ಸೀಲು ಮಾಡಿದ. ಝಹೀರನ ಹೆಂಡತಿ ಹಸ್ನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಲೆಯ ಮೇಲೆ ಅದೇ ಹುಡಿ ಹಾಕಿದ ಕೋಳಿ ಸಾರು ಕುದಿಯುತ್ತಿತ್ತು. ಅದನ್ನು ಆರಿಸಲೋ ಬೇಡವೋ ಎಂದು ಯಾರಿಗೂ ಗೊತ್ತಾಗಲಿಲ್ಲ.

"ಡಬ್ಬಿ ಫ್ರಿಜ್ಜಿನ ಮೇಲಿದೆ ಎಂದು ಫೋನು ಮಾಡಿದವನಿಗೆ ಹೇಗೆ ಗೊತ್ತು?" ಎಂದ ಸುಹೈಲ್. "ಈ ಅಡುಗೆಮನೆಗೆ ಯಾರು ಯಾರು ಬಂದಿದ್ದಾರೆ?"

ಇಲ್ಲೇ ತೊಡಕು. ಕರಾವಳಿಯಿಂದ ವಿಮಾನ ಹತ್ತುವವರ ಪೆಟ್ಟಿಗೆಯಲ್ಲಿ ಅರ್ಧ ತೂಕ ಊರವರದು. ಮರಿಯಮ್ ಬೀವಿಯೂ ನೆರೆಕರೆಯ ಉಪ್ಪಿನಕಾಯಿ, ಒಣಮೀನು, ಹುಡಿ ಎಲ್ಲ ಹೊತ್ತು ತಂದಿದ್ದಳು. ಅವರವರ ಮಕ್ಕಳು ಬಂದು ಚಹಾ ಕುಡಿದು ತಮ್ಮ ಪೊಟ್ಟಣ ಒಯ್ದಿದ್ದರು.

"ಅಷ್ಟು ಜನರಲ್ಲಿ ನಿಮ್ಮ ಇಲ್ಲಿಯ ನಂಬರ್ ಯಾರ ಹತ್ತಿರ ಉಂಟು?" ಜೋಯ್ಲಿನ್ ಕೇಳಿದಳು.

"ಸಿಮ್ ತೆಗೆದದ್ದೇ ಮೊನ್ನೆ ಶುಕ್ರವಾರ," ಎಂದ ಝಹೀರ್. "ಉಳಿದವರೆಲ್ಲ ಅದಕ್ಕೆ ಮೊದಲೇ ಬಂದು ಹೋಗಿದ್ದಾರೆ. ಆಮೇಲೆ ಬಂದದ್ದು ಒಬ್ಬನೇ." ಅವನು ತಾಯಿಯ ಮುಖ ನೋಡಿದ.

"ಅವ ಅಲ್ಲ!" ಎಂದಳು ಮರಿಯಮ್ ಬೀವಿ. "ಅವ ಝುಲೈಖಳ ಮಗ. ನಾನು ಎತ್ತಿ ಆಡಿಸಿದ ಹುಡುಗ. ಅವನ ಉಮ್ಮ ಕಳಿಸಿದ ಪೊಟ್ಟಣ ತೆಗೊಂಡು ಹೋಗ್ಲಿಕ್ಕೆ ಬಂದದ್ದು. ನಂಬರ್ ಕೇಳಿದ, ಕೊಟ್ಟೆ. ಕೊಡಬಾರದಾ?"

ರಾಝಿಕ್. ಇಪ್ಪತ್ತಾರು ವರ್ಷ. ದೊಡ್ಡ ಆಫೀಸಿನಲ್ಲಿ ಕೆಲಸ ಎಂದು ಊರಿನಲ್ಲಿ ಹೆಸರು. ಮಧ್ಯಾಹ್ನದೊಳಗೆ ಖಾಲಿದ್ ಹುಡುಕಿ ತೆಗೆದ ಮಾಹಿತಿ ಬೇರೆಯೇ ಇತ್ತು: ಅವನ ವಿಸಿಟ್ ವೀಸಾ ಮುಗಿದು ತಿಂಗಳುಗಳಾಗಿದ್ದವು, ಕೆಲಸದ ದಾಖಲೆಯೇ ಇರಲಿಲ್ಲ.

ಸಂಜೆ ಮರಿಯಮ್ ಬೀವಿಗೆ ಮತ್ತೆ ಅದೇ ಗಡಸು ದನಿಯ ಫೋನು ಬಂತು. ಸುಹೈಲ್ ಪಕ್ಕದಲ್ಲೇ ಕೂತಿದ್ದ. ಪಾಸ್‌ಪೋರ್ಟ್ ಬೇಕಾದರೆ ಸೊಸೆಯ ಸರ ತರಬೇಕಂತೆ. ನಾಳೆ ನಾಲ್ಕು ಗಂಟೆ, ಅದೇ ಬೆಂಚು.

ಗುರುವಾರ ನಾಲ್ಕಕ್ಕೆ ಜೋಯ್ಲಿನ್ ಆ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದಳು. ಎದುರಿನ ಕಿರಾಣಿ ಅಂಗಡಿಯಲ್ಲಿ ಖಾಲಿದ್, ನಿಲ್ಲಿಸಿದ ವ್ಯಾನಿನಲ್ಲಿ ಸುಹೈಲ್. ಮರಿಯಮ್ ಬೀವಿ ಬಂದಳು. ಕವರ್ ಇಟ್ಟಳು. ಅದು ಎರಡು ಸಲ ಜಾರಿ ಬಿತ್ತು, ಎತ್ತಿ ಮತ್ತೆ ಇಟ್ಟಳು. ತಿರುಗಿ ನೋಡದೆ ಹೋಗಬೇಕೆಂದು ಸುಹೈಲ್ ನೂರು ಸಲ ಹೇಳಿದ್ದ. ಕವರ್ ಎತ್ತಲು ಬಂದವನು ಓಡಿದರೆ ಪಾಸ್‌ಪೋರ್ಟ್ ಹೋಯಿತು, ಭಾನುವಾರದ ವಿಮಾನವೂ ಹೋಯಿತು.

ಬಸ್ಸೊಂದು ಬಂತು, ಹೋಯಿತು. ಟೋಪಿ, ಮಾಸ್ಕು ಹಾಕಿದ ಒಬ್ಬ ರಸ್ತೆ ದಾಟಿ ಬಂದು ಬೆಂಚಿನ ಹತ್ತಿರ ನಿಂತ. ಅವನು ಕವರ್ ಎತ್ತಿ, ವ್ಯಾನನ್ನು ನೋಡಿ, ಏನೋ ಸಂಶಯ ಬಂದವನಂತೆ ಹಿಂದೆ ಸರಿದ. ಅಂಗಡಿಯ ಬಾಗಿಲಲ್ಲಿ ಕೈಗಾಡಿ ಅಡ್ಡವಾಗಿ ಖಾಲಿದ್ ತಡವರಿಸಿದ.

ಆಗ ಮರಿಯಮ್ ಬೀವಿ ತಿರುಗಿದಳು.

"ರಾಝಿಕ್ ಮೋನೇ," ಎಂದಳು, ಮಗನನ್ನು ಅಂಗಳದಿಂದ ಊಟಕ್ಕೆ ಕರೆಯುವ ದನಿಯಲ್ಲಿ.

ಅವನು ಓಡಬಹುದಿತ್ತು. ಓಡಲಿಲ್ಲ. ಕವರ್ ಕೈಯಲ್ಲಿ ಹಿಡಿದು ಹಾಗೆಯೇ ನಿಂತ. ಖಾಲಿದ್ ಬಂದು ಕೈಗೆ ಕೋಳ ಹಾಕಿದಾಗಲೂ ಅವನು ನೋಡುತ್ತಿದ್ದದ್ದು ಮುದುಕಿಯನ್ನೇ. ಮರಿಯಮ್ ಬೀವಿ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ಮುಹೈಸ್ನಾದಲ್ಲಿ ಹಲವರಿದ್ದ ಕೋಣೆಯೊಂದರಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಬೆಡ್‌ಸ್ಪೇಸಿನಲ್ಲಿ, ತಲೆದಿಂಬಿನ ಕೆಳಗೆ ಪಾಸ್‌ಪೋರ್ಟೂ ಬಳೆಗಳೂ ಸಿಕ್ಕವು. ಬಳೆ ಮಾರಲು ಅವನಿಗೆ ಧೈರ್ಯ ಸಾಲಿರಲಿಲ್ಲ, ಅಂಗಡಿಯವರು ಐಡಿ ಕೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ರಾಝಿಕನ ಹೇಳಿಕೆ. ಸುಹೈಲ್ ಕೇಳಿದ್ದನ್ನು ಜೋಯ್ಲಿನ್ ಕನ್ನಡಕ್ಕೆ ತಿರುಗಿಸಿದಳು.

"ಸಿಐಡಿ ಹೆಸರು ಯಾಕೆ ಹೇಳಿದೆ?"

"ನನಗೂ ಹಾಗೇ ಮಾಡಿದ್ದಾರೆ ಮೇಡಂ." ರಾಝಿಕ್ ಮೇಜನ್ನೇ ನೋಡುತ್ತಿದ್ದ. "ಹೋಟೆಲಲ್ಲಿ ಕೆಲಸ ಅಂತ ಏಜೆಂಟ್ ಕರೆಸಿದ, ಕೆಲಸ ಇರಲಿಲ್ಲ. ವೀಸಾ ಮುಗೀತು. ರಾಸ್ ಅಲ್ ಖೋರಲ್ಲಿ ಗ್ಯಾರೇಜಿನ ಹಿಂದೆ ಗಾಡಿ ಉಜ್ತಿದ್ದೆ. ಒಂದಿನ ಒಬ್ಬ ಬಂದು ಸಿಐಡಿ ಅಂದ, ಪರ್ಸು, ಫೋನು ಎಲ್ಲ ಕೊಟ್ಟುಬಿಟ್ಟೆ. ಕಳ್ಳ ಅಂತ ಗೊತ್ತಾದ ಮೇಲೂ ದೂರು ಕೊಡ್ಲಿಕ್ಕೆ ಆಗಲಿಲ್ಲ. ಪೊಲೀಸ್ ಗಾಡಿ ಕಂಡ್ರೆ ಅಂಗಡಿಯೊಳಗೆ ನುಗ್ಗುವ ಜನ ನಾನು. ಹೆದರಿದವರು ಎಂತ ಬೇಕಾದ್ರೂ ಕೊಡ್ತಾರೆ ಅಂತ ನನ್ನಿಂದಲೇ ನನಗೆ ಗೊತ್ತಾಯ್ತು."

"ಹಣ ಏನು ಮಾಡುತ್ತಿದ್ದೆ?"

"ವೀಸಾ ಮುಗಿದದ್ದಕ್ಕೆ ದಂಡ ಕಟ್ಟಿ ಊರಿಗೆ ಹೋಗ್ತಿದ್ದೆ."

ಆ ಹೊತ್ತಿಗೆ ಲ್ಯಾಬಿನ ವರದಿ ಬಂತು. ಸುಹೈಲ್ ಎರಡು ಸಲ ಓದಿದ. ಕೊತ್ತಂಬರಿ, ಮೆಣಸು, ಜೀರಿಗೆ, ಇತ್ಯಾದಿ. ಖಶ್ಖಾಶ್ ಇಲ್ಲ. ಜೋಯ್ಲಿನ್‌ಳ ಕಣ್ಣು ತುಂಬಿತು. ಝಹೀರನ ಮನೆ ಉಳಿಯಿತು.

ಆದರೆ ಸುಹೈಲ್ ಹುಬ್ಬು ಗಂಟಿಕ್ಕಿದ. ಇಲ್ಲದ್ದನ್ನು ಇದೆ ಎಂದು ಮರಿಯಮ್ ಬೀವಿ ಒಪ್ಪಿಕೊಂಡದ್ದೇಕೆ? ಕಡತದಲ್ಲಿ ಅದು ಹಾಗೇ ಉಳಿಯಬಾರದು. ಹುಡಿ ಮಾಡಿದವಳನ್ನೇ ಕೇಳು, ಬಂಧನದ ಸುದ್ದಿ ಈಗ ಹೇಳಬೇಡ ಎಂದು ಜೋಯ್ಲಿನ್‌ಗೆ ಹೇಳಿದ. ರಾಝಿಕ್ ನಂಬರ್ ಹೇಳಿದ. ಜೋಯ್ಲಿನ್ ಸ್ಪೀಕರಿನಲ್ಲಿ ಹಾಕಿದಳು.

"ದುಬೈಯಿಂದ ಮಾತಾಡುದು. ಮರಿಯಮ್ ಬೀವಿ ತಂದ ನಿಮ್ಮ ಮಸಾಲೆ ಹುಡಿಗೆ ಗಸಗಸೆ ಹಾಕಿದ್ದೀರಾ?"

"ಇಲ್ಲಪ್ಪ!" ಆಚೆಯಿಂದ ಝುಲೈಖಳ ದನಿ ಏರಿತು. "ಊರಿಗೆ ಮಾರುದಕ್ಕೆ ಹಾಕ್ತೇನೆ. ಗಲ್ಫಿಗೆ ಹೋಗುದಕ್ಕೆ ಒಂದು ಕಾಳೂ ಹಾಕುದಿಲ್ಲ. ಅಲ್ಲಿ ಅದಕ್ಕೆ ಹಿಡಿದು ಹಾಕ್ತಾರಂತೆ. ನನ್ನ ಮಗನೂ ಅಲ್ಲೇ ಇರುದಲ್ವಾ? ಅವನಿಗೆ ಎಂತಾದ್ರೂ ಆದ್ರೆ ನಾನು ಎಂತ ಮಾಡ್ಲಿ?" ಒಂದು ಕ್ಷಣ ತಡೆದು ಕೇಳಿದಳು, "ನೀವು ಅವನ ಆಫೀಸಿನವರಾ? ಅವನಿಗೆ ಪೊಟ್ಟಣ ಸಿಕ್ಕಿತಾ ಮೇಡಂ?"

"ಸಿಕ್ಕಿದೆ," ಎಂದು ಜೋಯ್ಲಿನ್ ಫೋನು ಇಟ್ಟಳು.

ಅವಳು ಎಲ್ಲವನ್ನೂ ಕೇಳಿದ ಹಾಗೆಯೇ ಅರಬ್ಬಿಗೆ ತಿರುಗಿಸಿದಳು. ಝುಲೈಖ ಮಗನ ಬಗ್ಗೆ ಆಡಿದ ಮಾತನ್ನೂ ಬಿಡಲಿಲ್ಲ. ಸುಹೈಲ್ ಬರೆದುಕೊಂಡು, ಆರೋಪಿಗೆ ಇನ್ನೇನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿದ.

ರಾಝಿಕ್ ಕೋಳದ ಕೈಯಿಂದ ಮುಖ ಒರೆಸಿಕೊಂಡ.

"ಉಮ್ಮ ಕಳಿಸಿದ ಆ ಪೊಟ್ಟಣ ನಾನು ಬಿಚ್ಚಲೇ ಇಲ್ಲ ಮೇಡಂ," ಎಂದ.

ಜೋಯ್ಲಿನ್ ಅದನ್ನೂ ಅನುವಾದಿಸಿದಳು. ಹೇಳಿಕೆಯ ಕೊನೆಯ ಸಾಲಾಗಿ ಸುಹೈಲ್ ಅದನ್ನು ಬರೆದು, ಸಹಿಗೆಂದು ಕಾಗದವನ್ನು ಅವನ ಮುಂದೆ ಸರಿಸಿದ.