ಭೀಮೇಶನ ಬೇಸ್ ಗಿಟಾರಿನ ದಪ್ಪ ತಂತಿ

ಚನ್ನಗಿರಿಯಲ್ಲಿ ನಾನು ವಾದ್ಯ ರಿಪೇರಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಕಳೆದ ಏಪ್ರಿಲ್‌ನಲ್ಲಿ ಭೀಮೇಶ್ ತನ್ನ ಬೇಸ್ ಗಿಟಾರ್ ತಂದುಕೊಟ್ಟ. ಅವನದು ಮೆಟಲ್ ಬ್ಯಾಂಡ್. ಭಾನುವಾರ ದಾವಣಗೆರೆಯಲ್ಲಿ ಮೊದಲ ಕಾರ್ಯಕ್ರಮವಿತ್ತು.

"ಶ್ರುತಿ ಎಷ್ಟು ಕೆಳಗೆ ಇಳಿಸಾಕೆ ಆಗ್ತೈತೋ ಅಷ್ಟು ಇಳಿಸ್ರಿ. ತಂತಿ ಮಾತ್ರ ಗಿಲಿಗಿಲಿ ಅನ್ಬಾರ್ದು," ಎಂದ.

ಹೊಸ ದಪ್ಪ ತಂತಿಗಳನ್ನು ಹಾಕಿದೆ. ಅವು ಕೂರುವ ಸಂದುಗಳನ್ನು ಅರದಿಂದ ಅಗಲಿಸಿ, ಕತ್ತಿನ ಬಾಗು ಸರಿಪಡಿಸಿದೆ. ಮಧ್ಯಾಹ್ನ ಎರಡು ಗಂಟೆಗೆ ಎಲ್ಲಕ್ಕಿಂತ ದಪ್ಪದ ತಂತಿಯನ್ನು ಮೀಟಿದೆ. ಪಕ್ಕದ ಅಂಗಡಿಯ ಟೈಲರ್ ಕರಿಬಸಮ್ಮ ಬಾಗಿಲಿಗೆ ಬಂದು, "ಕರೆದ್ರೇನ್ರೀ?" ಎಂದರು. ಇಲ್ಲವೆಂದೆ. ಶ್ರುತಿಯನ್ನು ಇನ್ನೂ ಅರ್ಧ ಸ್ವರ ಇಳಿಸಿ ಮೀಟಿದೆ. ಮತ್ತೆ ಬಂದರು. ಮೂರನೇ ಸಲ ತಂತಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ಮೀಟಿದೆ; ನನಗೇ ಸದ್ದು ಕೇಳಲಿಲ್ಲ. ಆ ಸೆಕೆಯಲ್ಲೂ ಗಿಟಾರಿನ ಮರ ತಣ್ಣಗೆ ಕೊರೆಯುತ್ತಿತ್ತು.

ಈ ಸಲ ಕರಿಬಸಮ್ಮ ಒಳಗೇ ಬಂದರು. ಮುಖ ಬಿಳಿಚಿಕೊಂಡಿತ್ತು.

"ತವರಲ್ಲಿ ನನ್ನ ಕರೀತಿದ್ದ ಹೆಸರು ನಿಮಗೆ ಹೇಳಿದೋರು ಯಾರು? ಹಂಗೆ ಕರೆಯೋರು ಈಗ ಯಾರೂ ಉಳಿದಿಲ್ಲ."

"ನಾನು ಬಾಯೇ ತೆಗೆದಿಲ್ಲಕ್ಕ."

"ಹಂಗಾದ್ರೆ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ," ಎಂದವರೇ ಅಂಗಡಿ ಮುಚ್ಚಿ, ತವರೂರು ಉಬ್ರಾಣಿಯ ಬಸ್ಸು ಹತ್ತಿದರು.

ಸಂಜೆ ಭೀಮೇಶ್ ಗಿಟಾರ್ ಒಯ್ದ. ಕಾರ್ಯಕ್ರಮ ಚೆನ್ನಾಗಿಯೇ ಆಯಿತಂತೆ.

ಕರಿಬಸಮ್ಮ ಊರಿಗೆ ಹೋದ ಮರುದಿನವೇ ವಾಪಸ್ ಬಂದರು. ಅವರ ತವರುಮನೆಗೆ ಬೀಗ ಬಿದ್ದು ಒಂಬತ್ತು ವರ್ಷ. ಕೀಲಿ ಇರುವುದು ಅವರೊಬ್ಬರ ಬಳಿ.

"ಬೀಗ ನಾನು ಹಾಕಿದಂಗೇ ಇತ್ತು," ಎಂದರು. "ತೆಗೆದು ಒಳಗೆ ಹೋಗಿ ಒಲೆ ಮುಟ್ಟಿದೆ. ಬೆಚ್ಚಗಿತ್ತು ಕಣ್ರೀ."